ಸೊರಬದ ಮರಿಗೆ ನಿದ್ದೆ ಹತ್ತಿದ್ದು

ಕಳೆದ ದೀಪಾವಳಿ ಮುಗಿದ ಮೇಲೆ ಸೊರಬಕ್ಕೆ ನನ್ನ ಅಕ್ಕನ ಮನೆಗೆ ಹೋಗಿದ್ದೆವು. ಅವರ ಸಾಕುನಾಯಿಯನ್ನು ಚಿರತೆ ಹೊತ್ತೊಯ್ದು ಕೆಲವೇ ದಿನ ಆಗಿತ್ತು. ಉಳಿದಿದ್ದು ಅದರದ್ದೊಂದು ಮರಿ. ಕಂದು ಮೈ, ಹಣೆ ಮೇಲೆ ಬಿಳಿ ಬೊಟ್ಟು. "ಇದನ್ನೂ ಅದು ಬಿಡೋದಿಲ್ಲ ಮಾರಾಯ್ತಿ, ನೀವಾದ್ರೂ ತಗೊಂಡು ಹೋಗಿ" ಅಂದಳು ಅಕ್ಕ. ನನ್ನ ಮಗಳು ಸಿರಿ ಆಗಲೇ ಮರಿಯನ್ನು ಶಾಲಿನಲ್ಲಿ ಸುತ್ತಿಕೊಂಡು, ಅದಕ್ಕೆ ಬೊಟ್ಟು ಅಂತ ಹೆಸರಿಟ್ಟು, ಕಾರಿನಲ್ಲಿ ಕೂತುಬಿಟ್ಟಿದ್ದಳು.

ಶಿಕಾರಿಪುರದ ನಮ್ಮ ಮನೆಗೆ ಬಂದ ಸಂಜೆಯೇ ಅದು ಫ್ರಿಜ್ಜಿನ ವೈರು ಕಚ್ಚಿತು. ರಾತ್ರಿ ಬಿಟ್ಟರೆ ಪ್ರಾಣಕ್ಕೇ ಅಪಾಯ ಅಂತ ನಮ್ಮನೆಯವರು ಕಂಬಿಯ ಕ್ರೇಟ್ ತಂದರು. ಮಾವ ಅದನ್ನು ನೋಡಿ, "ನಾಯಿಗೆ ಪಂಜರ ಯಾಕಮ್ಮ? ಅದೇನು ಗಿಣೀನ?" ಅಂತ ನಕ್ಕರು.

ಹಗಲು ಅದರೊಳಗೇ ಊಟ ಇಟ್ಟರೆ ಕುಣಿಯುತ್ತಾ ಹೋಗುತ್ತಿತ್ತು. ರಾತ್ರಿ ಬಾಗಿಲು ಹಾಕಿದರೆ ಮಾತ್ರ ಒಂದೇ ಸಮನೆ ಅಳು. ನನ್ನ ಹಳೇ ಸೀರೆ ಹಾಸಿದೆ, ಮೇಲೆ ಬಟ್ಟೆ ಹೊದಿಸಿದೆ, ಕಂಬಿಯೊಳಗೆ ಬೆರಳು ತೂರಿಸಿ ಪಕ್ಕದಲ್ಲೇ ಮಲಗಿದೆ. ಬೆರಳು ತೆಗೆದ ಕೂಡಲೇ ಮತ್ತೆ ಶುರು. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಆ ಮನೆಯಾಕೆ ಆಗಷ್ಟೇ ಬಾಣಂತನ ಮುಗಿಸಿಕೊಂಡು ಬಂದಿದ್ದರು. ಒಂದು ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಾಗಿಲಿಗೆ ಬಂದರು. "ಜಗಳಕ್ಕೆ ಬಂದಿಲ್ರೀ. ಆದ್ರೆ ಕೂಸು ನಿದ್ದೇನೇ ಮಾಡ್ತಿಲ್ಲ ನೋಡ್ರಿ" ಅಂದರು. ನನಗೇ ಅಳು ಬಂತು. ಮರುದಿನ ಮರಿಯನ್ನು ಸೊರಬಕ್ಕೆ ಬಿಟ್ಟು ಬರುವುದು ಅಂತ ತೀರ್ಮಾನವಾಯಿತು. ಸಿರಿ ಊಟ ಬಿಟ್ಟು ಮಲಗಿದಳು.

ಆ ಒಂದು ರಾತ್ರಿಯಾದರೂ ಪಕ್ಕದವರಿಗೆ ತೊಂದರೆ ಆಗದಿರಲಿ ಅಂತ ಕ್ರೇಟನ್ನು ಮುಂದಿನ ಕೋಣೆಗೆ ಸಾಗಿಸಿದೆವು. ಅದು ಮಾವನ ಕೋಣೆ. ಬಸ್ ಡ್ರೈವರ್ ಆಗಿ ನಿವೃತ್ತರಾದ ಮಾವನ ಗೊರಕೆ ಅಂದರೆ ಇಳಿಜಾರಿನಲ್ಲಿ ಲಾರಿ ಇಳಿದಂತೆ. ಹಿಂದೊಮ್ಮೆ ಮದುವೆ ಮನೆಯಲ್ಲಿ ನೆಂಟರು ನಗುತ್ತಾ ಹಾಸಿಗೆ ಎಳೆದುಕೊಂಡು ಬೇರೆ ಕಡೆ ಹೋಗಿದ್ದರಂತೆ. ಅಂದಿನಿಂದ ಅವರು ಯಾರ ಮನೆಯಲ್ಲೂ ಉಳಿದವರಲ್ಲ. ಎಷ್ಟೇ ದೂರವಾದರೂ ಕೊನೇ ಬಸ್ಸಿಗೆ ಮನೆ ಸೇರುತ್ತಿದ್ದರು.

ಬೊಟ್ಟು ಅಳುತ್ತಲೇ ಇತ್ತು. ಮಾವನ ಗೊರಕೆಯೂ ಶುರುವಾಯಿತು. ಎರಡೂ ಸೇರಿದರೆ ಮುಗಿಯಿತು ಕತೆ ಅಂದುಕೊಂಡೆ. ಆದರೆ ಅಳು ತೆಳ್ಳಗಾಗುತ್ತಾ ಹೋಗಿ ನಿಂತೇಬಿಟ್ಟಿತು. ಏನಾಯಿತೋ ಅಂತ ಓಡಿದೆ. ಬೊಟ್ಟು ಮಾವನ ಮಂಚದ ಕಡೆಯ ಕಂಬಿಗೆ ಮೂತಿ ಆನಿಸಿ ನಿದ್ದೆ ಹೋಗಿತ್ತು. ತಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗಿದಾಗ ಇಂಥದ್ದೇ ಗುರುಗುರು ಕೇಳಿಸುತ್ತಿತ್ತೋ ಏನೋ. ನಾನು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟೆ.

ಬೆಳಿಗ್ಗೆ ವಿಷಯ ಹೇಳಿದರೆ ಮಾವ ಮುಖ ತಿರುಗಿಸಿದರು. "ಸಾಕು ಸುಮ್ನಿರಮ್ಮ, ಬೆಳಬೆಳಿಗ್ಗೆ ತಮಾಷೆ ಬ್ಯಾಡ."

"ತಮಾಷೆ ಅಲ್ಲ ತಾತ, ನಿನ್ನ ಗೊರಕೆ ಅದಕ್ಕೆ ಜೋಗುಳ!" ಅಂತ ಸಿರಿ ಅವರ ಕೊರಳಿಗೆ ಜೋತುಬಿದ್ದಳು. ಸೊರಬದ ಪ್ರಯಾಣ ನಿಂತಿತು. ಬೊಟ್ಟು ಅಂದಿನಿಂದ ಮಾವನ ಕೋಣೆಯಲ್ಲೇ ಮಲಗತೊಡಗಿತು. ದಿನ ಕಳೆದಂತೆ ಕ್ರೇಟಿನ ಬಾಗಿಲು ಹಾಕುವುದನ್ನೂ ಬಿಟ್ಟೆವು. ಟಿ.ವಿ. ಆರಿಸಿದ ಕೂಡಲೇ ತಾನಾಗಿ ಒಳಗೆ ಹೋಗಿ, ಒಂದು ಸುತ್ತು ಹೊಡೆದು ಮುದುರಿಕೊಳ್ಳುತ್ತದೆ.

ಈಚೆಗೆ ಅಂಜನಾಪುರದಲ್ಲಿ ಮಾವನ ತಂಗಿಯ ಮನೆ ಗೃಹಪ್ರವೇಶ ಇತ್ತು. ಸಂಜೆ ನಾವು ಹೊರಟಾಗ ಮಾವ ಏಳಲಿಲ್ಲ. "ನೀವು ಹೋಗ್ರಿ. ನಾನು ಇವತ್ತು ಇಲ್ಲೇ ಇರ್ತೀನಿ" ಅಂದರು. ನಮ್ಮನೆಯವರು ನನ್ನ ಮುಖ ನೋಡಿದರು. ಆ ರಾತ್ರಿ ಬೊಟ್ಟು ಖಾಲಿ ಮಂಚದ ಕಡೆ ಒಮ್ಮೆ ನೋಡಿ, ಸದ್ದಿಲ್ಲದೆ ಮಲಗಿತು. ಅಲ್ಲಿ ಮತ್ತೆ ಯಾರಾದರೂ ನಕ್ಕರೋ ಏನೋ ಅಂತ ನಿದ್ದೆ ಬಾರದಿದ್ದದ್ದು ನನಗೆ.

ಬೆಳಿಗ್ಗೆ ನಾನೇ ಫೋನ್ ಮಾಡಿದೆ. "ರಾತ್ರಿ ನಿದ್ದೆ ಬಂತಾ ಮಾವ?"

"ಬಂತಮ್ಮ. ಹಾಲ್‌ನಲ್ಲೇ ಎಲ್ಲರ ಜೊತೆ ಮಲಗಿದ್ದೆ. ಎದ್ದು ನೋಡ್ತೀನಿ, ತಂಗಿ ಮೊಮ್ಮಗು ನನ್ನ ರಗ್ಗಿನೊಳಗೇ ಬಂದು ಮಲಗೈತೆ."

ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕೇಳಿಯೇ ಇರಲಿಲ್ಲ.