ತಿಂದು ಒಪ್ಪಿಕೊಂಡ ಕುಸ್ತಿ

ತಿಪಟೂರಿನಲ್ಲಿ ಹುಟ್ಟಿದವರಿಗೆ ಒಂದು ಅನುಕೂಲವಿದೆ. ಯಾವ ಕಾಯಿಲೆ ಬಂದರೂ ಮೊದಲ ಔಷಧ ಏನೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸೊರಗಿದವನಿಗೆ ಕೊಬ್ಬರಿ ಬೆಲ್ಲ, ಬಾಣಂತಿಗೆ ಕೊಬ್ಬರಿ ಬೆಲ್ಲ, ಪರೀಕ್ಷೆಯಲ್ಲಿ ಫೇಲಾದವನಿಗೆ ಅದೇ, ಪಾಸಾದವನಿಗೂ ಅದೇ. ಈ ವೈದ್ಯಪದ್ಧತಿಯಲ್ಲಿ ನನಗೆ ಕಂಡ ಕೊರತೆ ಒಂದೇ. ಮನಸ್ಸಿಲ್ಲದಿರುವುದು ಒಂದು ಸ್ಥಿತಿ ಎಂಬುದನ್ನು ಅದು ಒಪ್ಪುವುದಿಲ್ಲ. ಮೈಯಲ್ಲಿ ಕಸುವಿದೆ, ಹೊಟ್ಟೆ ಹಸಿಯುತ್ತದೆ, ನಿದ್ದೆ ಬರುತ್ತದೆ, ಆದರೆ ಇಷ್ಟು ವರ್ಷ ಮಾಡುತ್ತಿದ್ದ ಕೆಲಸ ಇನ್ನು ಬೇಡ ಅನ್ನಿಸುತ್ತದೆ ಎಂದು ಹೇಳಿದರೆ, ಕೇಳಿದವರು ಮೊದಲು ನಾಲಿಗೆ ಚಾಚು ಎನ್ನುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಹದಿನಾರೋ ಹದಿನೇಳೋ. ಎರಡನೇ ಕ್ಲಾಸಿನಿಂದಲೂ ನಮ್ಮ ಬೀದಿಯ ಕೊನೆಯ ಗರಡಿಯಲ್ಲಿ ಕುಸ್ತಿ ಕಲಿಯುತ್ತಿದ್ದೆ. ಅಲ್ಲಿಯ ಉಸ್ತಾದರು ಗೌಸ್ ಸಾಹೇಬರು ಹಗಲು ಹೊತ್ತಿನಲ್ಲಿ ದರ್ಜಿ. ಪೇಟೆಯ ಅರ್ಧ ಹೆಂಗಸರ ರವಿಕೆ ಹೊಲಿದ ಕೈ ಬೆಳಿಗ್ಗೆ ಐದಕ್ಕೆ ನಮ್ಮ ಕತ್ತು ಹಿಡಿಯುತ್ತಿತ್ತು. ಬಸ್ಕಿ ಹೊಡೆದು, ಕೆಮ್ಮಣ್ಣಿನಲ್ಲಿ ಹೊರಳಿ, ಮೈ ತೊಳೆದುಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಹಲ್ಲುಜ್ಜುವುದು ಇಷ್ಟವೋ ಎಂದು ಹೇಗೆ ಯಾರೂ ಕೇಳಿಕೊಳ್ಳುವುದಿಲ್ಲವೋ ಹಾಗೆ ನಾನೂ ಕೇಳಿಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಕೇಳಿಕೊಂಡೆ.

ಇಲ್ಲಿ ಒಂದು ಕಾರಣ ಇರಬೇಕಿತ್ತು. ಹಿಂದೆ ಈ ಕತೆ ಹೇಳುವಾಗಲೆಲ್ಲ ಕೇಳುವವರಿಗೆ ನಿರಾಸೆಯಾಗದಿರಲೆಂದು ಕಾರಣ ಒದಗಿಸಿದ್ದೇನೆ. ಒಬ್ಬರಿಗೆ ಭುಜ ಉಳುಕಿದ್ದನ್ನು ಹೇಳಿದೆ. ಇನ್ನೊಬ್ಬರಿಗೆ ಎದುರು ಮನೆಯ ಹುಡುಗಿ ಕುಸ್ತಿಯಲ್ಲಿ ಜಜ್ಜಿ ಮುದುಡಿದ ನನ್ನ ಕಿವಿ ನೋಡಿ ನಕ್ಕಿದ್ದನ್ನು ಹೇಳಿದೆ. ಭುಜ ಉಳುಕಿದ್ದು ಅದಕ್ಕೆ ಎರಡು ವರ್ಷ ಮೊದಲು. ಎದುರಿಗೆ ಇದ್ದದ್ದು ಮನೆಯಲ್ಲ, ಸೌದೆ ಡಿಪೊ. ಏನೂ ಆಗಿರಲಿಲ್ಲ ಎಂಬುದೇ ನಿಜ. ಆದರೆ ಏನೂ ಆಗದ್ದನ್ನು ಹೇಳುವುದು ಬಹಳ ಕಷ್ಟ.

ಅವ್ವನಿಗೆ ಹೇಳಿ ನೋಡಿದೆ.

"ಗರಡಿಗೆ ಹೋಗಾಕೆ ಮನಸಿಲ್ಲ ಕಣವ್ವ."

"ಮನಸ್ಗೇನಾಗೈತೆ? ಮೈಯಾಗೆ ಕಸುವಿಲ್ಲ. ಮುಖ ನೋಡು, ಸುಟ್ಟ ಬದನೆಕಾಯಿ ಆದಂಗಾಗೈತೆ."

ಮಾರನೆಯ ದಿನದಿಂದ ನನ್ನ ಕೊಬ್ಬರಿ ಬೆಲ್ಲ ಎರಡರಷ್ಟಾಯಿತು. ಮೆಣಸಿನಕಾಯಿ ನಿವಾಳಿಸಿ ದೃಷ್ಟಿಯನ್ನೂ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟು ಬರಲಿಲ್ಲವೆಂದು ಹೇಳುತ್ತಾ ಕೆಮ್ಮಿದಳು. ನನ್ನ ತೂಕ ಏರಿತು.

ಇದಕ್ಕಿಂತ ದೊಡ್ಡ ಅನಾಹುತ ಗರಡಿಯಲ್ಲಿ ಆಯಿತು. ನಾನು ಗೆಲ್ಲತೊಡಗಿದೆ. ಗೆಲ್ಲುವ ಆಸೆಯಿದ್ದಾಗ ಮೊದಲು ನಾನೇ ಮೇಲೆ ಬೀಳುತ್ತಿದ್ದೆ, ಬಿದ್ದು ಸೋಲುತ್ತಿದ್ದೆ. ಈಗ ಸುಮ್ಮನೆ ನಿಲ್ಲುತ್ತಿದ್ದೆ. ಎದುರಿನವನು ಕಾದು ಕಾದು ರೇಗಿ ನುಗ್ಗುತ್ತಿದ್ದ. ನಾನು ಪಕ್ಕಕ್ಕೆ ಸರಿದರೆ ತಾನೇ ಹೋಗಿ ಮಣ್ಣಿಗೆ ಬೀಳುತ್ತಿದ್ದ. ಮೇಲೆ ಕೂರುವುದಷ್ಟೇ ನನ್ನ ಕೆಲಸ.

"ಅರೆ, ನೋಡ್ರೋ ಇವನ್ನ!" ಎಂದರು ಉಸ್ತಾದರು. "ನೀವೆಲ್ಲ ಕೋಳಿ ಹಾರ್ದಂಗೆ ಹಾರ್ತೀರ. ಇವ್ನು ನಿಂತವ್ನೆ ನೋಡು, ತೂಬಿನ ಕಲ್ಲು ನಿಂತಂಗೆ. ಈಗ ಬಂತಪ್ಪ ತಾಳ್ಮೆ!"

ನಮ್ಮ ಅಟ್ಟದ ಮೇಲೆ ತೆಂಗಿನಕಾಯಿಗಳು ಸಿಪ್ಪೆ ಸುಲಿಯದೆ ವರ್ಷದ ಹತ್ತಿರ ಬಿದ್ದಿರುತ್ತವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಬರೆಯುವವನಿಗೆ ಇದಕ್ಕಿಂತ ಹದವಾದ ಹೋಲಿಕೆ ಸಿಗದು. ಅದಕ್ಕೇ ನಾನು ಅದನ್ನು ಬಳಸುವುದಿಲ್ಲ. ಇಷ್ಟು ಸುಲಭವಾಗಿ ಕೈಗೆ ಬಂದ ಹೋಲಿಕೆ ನಡೆದದ್ದನ್ನು ತನಗೆ ಬೇಕಾದ ಹಾಗೆ ತಿದ್ದಿಬಿಡುತ್ತದೆ. ಮಲ್ಲವಿದ್ಯೆಯ ಹಳೆಯ ಪುಸ್ತಕಗಳನ್ನೂ ಆಮೇಲೆ ತಿರುವಿ ಹಾಕಿದ್ದೇನೆ. ಜಟ್ಟಿ ಏನು ತಿನ್ನಬೇಕು, ಯಾವ ಎಣ್ಣೆ ತಿಕ್ಕಬೇಕು ಎಂಬುದೆಲ್ಲ ಇದೆ. ಜಟ್ಟಿಗೆ ಬೇಜಾರಾದರೆ ಏನು ಮಾಡಬೇಕೆಂದು ನಾನು ನೋಡಿದ ಯಾವುದರಲ್ಲೂ ಇರಲಿಲ್ಲ.

ಆದರೆ ನಮ್ಮ ಸೀಮೆಯ ಗರಡಿಗಳಲ್ಲಿ ಒಂದು ದಾರಿ ಇತ್ತು. ಬೇರೆ ಕಡೆ ಕುಸ್ತಿಗೆ ಕರೆಯುವಾಗ ವೀಳ್ಯ ಕೊಡುತ್ತಾರೆ. ನಮ್ಮಲ್ಲಿ ಕುಂಕುಮ ಹಚ್ಚಿದ ಒಂದು ಉಂಡೆ ಕೊಬ್ಬರಿ ಕಳಿಸುತ್ತಿದ್ದರು. ಒಪ್ಪಿಗೆಯಾದರೆ ಪೈಲ್ವಾನ ಅದನ್ನು ಒಡೆದು ತಾನಿಷ್ಟು ತಿಂದು, ಉಳಿದದ್ದನ್ನು ಗರಡಿಯವರಿಗೆ ಹಂಚಬೇಕು. ಒಪ್ಪಿಗೆಯಿಲ್ಲದಿದ್ದರೆ ಇಡಿಯಾಗಿ ಹಿಂದಕ್ಕೆ ಕಳಿಸಬೇಕು. ಯಾಕೆಂದು ಯಾರೂ ಕೇಳುವ ಹಾಗಿಲ್ಲ. ಒಮ್ಮೆ ಹಿಂದಿರುಗಿಸಿದವನಿಗೆ ಇನ್ನೊಂದು ಕೊಬ್ಬರಿ ಬರುವುದಿಲ್ಲ. ಅವನು ಗರಡಿ ಬಿಟ್ಟ ಲೆಕ್ಕ. ಕಾರಣವಿಲ್ಲದವನಿಗೆ ಇಷ್ಟು ಮರ್ಯಾದೆ ಕೊಡುವ ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಗೆಲುವಿನ ಸುದ್ದಿ ಹುಳಿಯಾರಿಗೆ ಮುಟ್ಟಿ, ಒಂದು ಸಂಜೆ ಅಲ್ಲಿಂದ ಕೊಬ್ಬರಿ ಬಂತು. ತಂದವರು ಯಾರದೋ ಮನೆಯಲ್ಲಿ ಉಳಿದುಕೊಂಡು, ಬೆಳಿಗ್ಗೆ ಬಂದು ಉತ್ತರ ತಿಳಿಯುತ್ತೇವೆಂದರು. ನಾನು ಅದನ್ನು ನಡುಮನೆಯ ಗೂಡಿನಲ್ಲಿಟ್ಟೆ. ಬಿಡುಗಡೆ ಅಲ್ಲಿ ಕೂತಿತ್ತು, ಕುಂಕುಮ ಹಚ್ಚಿಕೊಂಡು.

ಬೆಳಿಗ್ಗೆ ಅವ್ವ ಎಂದಿನಂತೆ ತಟ್ಟೆ ಮುಂದಿಟ್ಟಳು. ನಾನು ಎಂದಿನಂತೆ ತಿಂದೆ. ಅರ್ಧ ಮುಗಿದ ಮೇಲೆ ಒಂದು ಚೂರಿನ ಅಂಚು ಕೆಂಪಗಿರುವುದು ಕಂಡಿತು.

"ಅವ್ವ, ಇದನ್ನ ಎಲ್ಲಿಂದ ತಗಂಡೆ?"

"ಗೂಡಾಗೆ ಇತ್ತು ಕಣೋ. ಅಟ್ಟ ಹತ್ತಾಕೆ ಮಂಡಿ ನೋವು. ಕುಂಕುಮ ಬೇರೆ ಇತ್ತು, ದೇವ್ರಿಗಿಟ್ಟಿದ್ದು ತಿಂದ್ರೆ ಬಿರ್ರನೆ ಕಸುವು ಬತ್ತದೆ ಅಂತ ಹೆಚ್ಚಿದೆ."

ಸಾವಿರಾರು ಕಾಯಿಗಳಿರುವ ಮನೆಯಲ್ಲಿ ಒಂದು ಕೊಬ್ಬರಿಗೆ ಬದಲು ಇನ್ನೊಂದು ಹುಡುಕುವುದು ಕಷ್ಟವಲ್ಲ. ಅಟ್ಟ ಹತ್ತಿದೆ. ಅದೇ ಗಾತ್ರದ ಉಂಡೆಗಾಗಿ ಕಾಯಿ ಅಲ್ಲಾಡಿಸಿ ನೋಡಿ, ಸುಲಿದು, ಚಿಪ್ಪು ಬಿಡಿಸಿದೆ. ಅಷ್ಟರಲ್ಲಿ ಕೆಳಗೆ, ನನ್ನನ್ನು ಗರಡಿಗೆ ಕರೆಯಲು ಬಂದಿದ್ದ ರುದ್ರೇಶನ ಕಣ್ಣಿಗೆ ತಟ್ಟೆ ಬಿತ್ತು.

"ಲೇ, ತಿಂದೇಬುಟ್ಟಾ!" ಎಂದು ಅಟ್ಟದ ಕಡೆ ಕೂಗಿದ. "ಒಂದ್ ಮಾತು ಹೇಳ್ಬಾರ್ದೇನ್ಲಾ? ನಾನೇ ಹಂಚ್ತೀನಿ ಬುಡು!"

ನಾನು ಇಳಿದಾಗ ಕೈಯಲ್ಲಿ ಹೊಸ ಕೊಬ್ಬರಿ ಇತ್ತು, ತಟ್ಟೆಯಲ್ಲಿ ಹಳೆಯದು ಇರಲಿಲ್ಲ. ಗರಡಿಯಿಂದ ಜೈಕಾರ ಕೇಳಿಸುತ್ತಿತ್ತು. ಅವ್ವ ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಇನ್ನೂ ಹಸಿವಾ? ನೋಡ್ದಾ, ಮದ್ದು ಹಿಡೀತು," ಎಂದಳು.

ಹುಳಿಯಾರಿಗೆ ಹೋಗುವ ಬಸ್ಸಿನಲ್ಲಿ ಉಳಿದ ದಾರಿ ಯೋಚಿಸಿದೆ. ಎಲ್ಲರೆದುರು ಚೆನ್ನಾಗಿ ಸೋತರೆ ಉಸ್ತಾದರೇ ನನ್ನ ಕೈಬಿಡುತ್ತಾರೆ. ಎದುರಾಳಿ ಕೆಂಚಪ್ಪ ನನ್ನ ವಯಸ್ಸಿನವನೇ, ನನಗಿಂತ ಒಂದು ಗೇಣು ಎತ್ತರ. ಅವನನ್ನು ನೋಡಿ ಸಮಾಧಾನವಾಯಿತು. ಕೈಗೆ ಮಣ್ಣು ಉಜ್ಜಿಕೊಂಡು ಕಣಕ್ಕಿಳಿದೆವು. ಅವನು ನುಗ್ಗಿ ಕೆಡವಲೆಂದು ನಾನು ಕಾದೆ. ಅವನೂ ಕಾದ. ಒಬ್ಬರ ಕತ್ತಿನ ಮೇಲೆ ಒಬ್ಬರು ಕೈಯಿಟ್ಟು ಹಣೆಗೆ ಹಣೆ ಒತ್ತಿ ನಿಂತೆವು.

"ಏಯ್, ಕುಸ್ತಿ ಆಡ್ತೀರೋ, ಸಂಬಂಧ ಮಾತಾಡ್ತೀರೋ?" ಎಂದು ಜನರ ನಡುವಿನಿಂದ ಯಾರೋ ಕೂಗಿದರು.

ಆಗ ಕೆಂಚಪ್ಪ ಮೆಲ್ಲಗೆ ಕೇಳಿದ: "ನೀನ್ ಬೀಳ್ತೀಯಾ, ನಾನ್ ಬೀಳ್ಲಾ?"

"ಯಾಕ್ಲಾ?"

"ನಂಗೆ ಸಾಕಾಗೈತೆ ಕಣ್ಲಾ. ಇವತ್ತು ಸೋತ್ರೆ ನಮ್ಮಪ್ಪ ಬುಡುಸ್ತಾನೆ."

"ಅದಾಗಲ್ಲ. ನಾನೇ ಬೀಳಾಕೆ ಬಂದಿರಾದು."

"ಮೊದ್ಲು ಕೇಳಿದ್ದು ನಾನು."

ಮೊದಲು ಕೇಳಿದ್ದು ಅವನೋ ನಾನೋ ಎಂಬುದರಲ್ಲಿ ಈಗ ನನಗೆ ಅನುಮಾನವಿದೆ. ಅದು ನನ್ನನ್ನು ಮೈಮರೆಸಲು ಅವನು ಹೂಡಿದ ಪಟ್ಟು ಎಂದೂ ಒಮ್ಮೊಮ್ಮೆ ಅನ್ನಿಸುತ್ತದೆ. ಆಮೇಲೆ ನಡೆದದ್ದರಲ್ಲಿ ಮಾತ್ರ ಅನುಮಾನವಿಲ್ಲ, ನೋಡಿದವರಿದ್ದಾರೆ. ನಾನು ಬೆನ್ನು ಮಣ್ಣಿಗೆ ತಾಗಿಸಲು ಬಾಗಿದೆ. ಅವನು ಲಂಗೋಟಿ ಹಿಡಿದು ಮೇಲೆತ್ತಿದ. ಅವನು ಕಾಲು ಸಡಿಲ ಬಿಟ್ಟು ಕುಸಿದ; ನಾನು ಕಂಕುಳಿಗೆ ಕೈ ಹಾಕಿ ನಿಲ್ಲಿಸಿದೆ. ಕೆಡವಲು ಕಲಿತ ಪಟ್ಟುಗಳನ್ನೆಲ್ಲ ಬೀಳದಂತೆ ನೋಡಿಕೊಳ್ಳಲು ಬಳಸಿದೆವು. ಅಷ್ಟು ಮನಸ್ಸಿಟ್ಟು ನಾನು ಎಂದೂ ಕುಸ್ತಿ ಆಡಿರಲಿಲ್ಲ. ಜನ ಎದ್ದು ನಿಂತರು. ಕೊನೆಗೆ ಹಿರಿಯರು ಕಣಕ್ಕಿಳಿದು ಬಿಡಿಸಿ, ಸಮ ಸಮ ಎಂದು ಸಾರಿ, ಇಬ್ಬರಿಗೂ ಪೇಟ ಸುತ್ತಿದರು. ಕೆಂಚಪ್ಪನ ಅಪ್ಪ ಅಳುತ್ತಾ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡ. ಮೇಲಿನಿಂದ ಕೆಂಚಪ್ಪ ನನ್ನನ್ನು ನೋಡಿದ ನೋಟ ಒಳ್ಳೆಯದಾಗಿರಲಿಲ್ಲ.

ವಾಪಸು ಬರುವಾಗ ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಜೊತೆಯ ಹುಡುಗರು ಬೋಂಡದ ಅಂಗಡಿಗೆ ನುಗ್ಗಿದರು. ಉಸ್ತಾದರೂ ನಾನೂ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಸೋಲು ಕೈಕೊಟ್ಟಿತ್ತು, ಕೊಬ್ಬರಿ ಹೊಟ್ಟೆ ಸೇರಿತ್ತು. ಉಳಿದದ್ದು ಬಾಯಿ ಒಂದೇ.

"ಉಸ್ತಾದ್, ನಾನು ಇನ್ಮೇಲೆ ಬರಲ್ಲ."

ಅವರು ಟೀಯನ್ನು ಸಾಸರಿಗೆ ಸುರಿದು ಊದಿದರು.

"ಗೊತ್ತು."

"ಯಾವಾಗಿಂದ?"

"ನೀನು ಗೆಲ್ಲಾಕೆ ಶುರು ಮಾಡ್ದಾಗಿಂದ. ಮನಸಿರೋ ಹುಡ್ಗ ಅಷ್ಟು ಸುಮ್ಕೆ ನಿಲ್ಲಲ್ಲ."

"ಮತ್ತೆ ಹೊಗಳಿದ್ರಿ?"

"ಚೆನ್ನಾಗಿ ನಿಂತಿದ್ದೆ, ಹೊಗಳ್ದೆ. ನೀನಾಗಿ ಹೇಳ್ಲಿ ಅಂತ ಕಾದೆ. ನೀನು ಹೇಳ್ಲಿಲ್ಲ, ಕೊಬ್ಬರಿ ತಿಂದೆ." ಸಾಸರು ಖಾಲಿ ಮಾಡಿ ಕೆಳಗಿಟ್ಟರು. "ನೀನು ಪುಣ್ಯವಂತ ಕಣಪ್ಪ. ಹೇಳ್ಕೊಳ್ಳಾಕೆ ಒಬ್ಬ ಉಸ್ತಾದ್ ಅವ್ನೆ. ನಂಗೆ ಬೇಜಾರಾಗಿ ಎಷ್ಟೋ ವರ್ಷ ಆಯ್ತು. ನಾನ್ ಯಾರಿಗೆ ಹೇಳ್ಲಿ? ನಮ್ಮ ಉಸ್ತಾದ್ ಸತ್ತೋದ್ರು."

ನಾನು ಟೀ ಲೋಟ ಕೆಳಗಿಟ್ಟೆ.

"ನಂಗೇ ಹೇಳಿ," ಎಂದೆ.

ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಟೋಪಿ ಸರಿಮಾಡಿಕೊಂಡರು. ಬೆಂಚಿನ ಮೇಲೆ ನೆಟ್ಟಗಾದರು. ಗುರುವಿನ ಮುಂದೆ ಕೂತ ಹುಡುಗನ ಹಾಗೆ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ರಸ್ತೆ ನೋಡುತ್ತಾ ಹೇಳಿದರು.

"ನಾನು ಇನ್ಮೇಲೆ ಬರಲ್ಲ."

"ಗೊತ್ತು," ಎಂದೆ.

ತಿಪಟೂರಿನ ಬಸ್ಸು ಬಂತು.

ಮಾರನೆಯ ಬೆಳಿಗ್ಗೆ ನಾನು ಹೋಗಲಿಲ್ಲ. ಹಾಸಿಗೆಯಲ್ಲೇ ಇದ್ದೆ. ಬೀದಿಯ ಕೊನೆಯಲ್ಲಿ ಗರಡಿಯ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಹುಡುಗರನ್ನು ಗದರಿಸುವ ಉಸ್ತಾದರ ಕೂಗು ಕೇಳಿಸಿತು. ಅಷ್ಟು ಗೆಲುವಾದ ಕೂಗನ್ನು ನಾನು ಅಲ್ಲಿ ಮಣ್ಣಿನಲ್ಲಿ ಹೊರಳಿದ ಯಾವ ವರ್ಷದಲ್ಲೂ ಕೇಳಿರಲಿಲ್ಲ. ಮನಸ್ಸಿಲ್ಲವೆಂದು ಒಬ್ಬರ ಹತ್ತಿರ ಹೇಳಿಕೊಂಡವನಿಗೆ ಇನ್ನಷ್ಟು ವರ್ಷ ಅದೇ ಕೆಲಸ ಮಾಡುವ ಶಕ್ತಿ ಬರುತ್ತದೆ ಎಂದು ಆಗ ತೀರ್ಮಾನಿಸಿದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಮುಸುಕು ಹೊದ್ದು ಮಲಗಿರುವವನಿಗೆ ಹೊರಗೆ ದುಡಿಯುವವರ ಕೂಗೆಲ್ಲ ಗೆಲುವಾಗಿಯೇ ಕೇಳಿಸುತ್ತದೆ.