ಹತ್ತು ಟೈಲ್ಸಿನ ಮಹಾಯುಗ

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸದಿದ್ದರೆ ಪೂರ್ತಿ ಕಾಣದಂತಾಗುತ್ತದೆ ಎಂದು ಡಾಕ್ಟರು ಹೇಳಿ ಮೂರು ತಿಂಗಳಾದರೂ ಆಕೆ ಜಗ್ಗಲಿಲ್ಲ.

"ಕಲಿಗಾಲ ಮುಗಿಯಾಕೆ ಬಂದೈತೆ. ಮುಳುಗೋ ಲೋಕ ನೋಡಾಕೆ ಹೊಸ ಕಣ್ಣು ಯಾಕಪ್ಪ?" ಎನ್ನುತ್ತಿದ್ದಳು. ಬಿಳಿಚೋಡಿನ ನಮ್ಮ ಮನೆಯಲ್ಲಿ ಮಳೆ ತಪ್ಪಿದರೂ, ಕುರಿ ಕಳೆದರೂ, ಹಾಲು ಒಡೆದರೂ ಕಲಿಗಾಲವೇ ಕಾರಣ. ನಾನು ಬೈದೆ, ಹೆಂಡತಿ ಅಂಗಲಾಚಿದಳು. ಏನೂ ನಡೆಯಲಿಲ್ಲ.

ಆಗ ನಾನು ವಾರವಿಡೀ ಹೊನ್ನಾಳಿಯಲ್ಲೇ ಉಳಿದು, ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಮನೆಗೆ ಟೈಲ್ಸ್ ಹಾಕುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಒಂದು ಬೆಳಿಗ್ಗೆ ಮೇಷ್ಟ್ರು ಪೂಜೆಗೆ ಕೂತು ಸಂಕಲ್ಪ ಮಾಡುವಾಗ 'ಕಲಿಯುಗೇ ಪ್ರಥಮಪಾದೇ' ಎಂದದ್ದು ಕಿವಿಗೆ ಬಿತ್ತು. ಮೊದಲನೇ ಪಾದ ಅಂದರೆ ಕಾಲು ಭಾಗವೂ ಮುಗಿದಿಲ್ಲವೇ? ಪೂಜೆ ಮುಗಿಯುವುದನ್ನೇ ಕಾದು ಕೇಳಿದೆ.

"ಕಾಲು ಭಾಗ ಎಲ್ಲಿ ಬಂತಯ್ಯಾ? ಕಲಿಗೆ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ವರ್ಷ. ಹೋಗಿರೋದು ಐದು ಸಾವಿರದ ಚಿಲ್ಲರೆ. ದ್ವಾಪರ ಕಲಿಯ ಎರಡರಷ್ಟು, ತ್ರೇತಾ ಮೂರರಷ್ಟು, ಕೃತ ನಾಲ್ಕರಷ್ಟು."

"ಇದನ್ನ ಯಾರು ಎಣಿಸಿದ್ರು ಸಾರ್?"

"ಆಕಾಶ ನೋಡೋರು. ಗ್ರಹಗಳೆಲ್ಲ ಒಂದೇ ಕಡೆ ಕೂಡಿದ್ದಾಗ ಕಲಿ ಶುರುವಾಯ್ತು ಅಂತ ಇಟ್ಕೊಂಡ್ರು. ಒಂದೊಂದು ಗ್ರಹದ ಸುತ್ತು ಒಂದೊಂದು ಥರ. ಎಲ್ಲಾ ಪೂರಾ ಸುತ್ತು ಮುಗಿಸಿ ಮತ್ತೆ ಕೂಡಬೇಕಂದ್ರೆ ಅಷ್ಟು ದೊಡ್ಡ ಅಂಕಿ ಬೇಕು."

"ಒಂದಡಿ ಟೈಲ್ಸಿನ ಸಾಲು, ಹದಿನಾರು ಇಂಚಿನ ಸಾಲು ಪಕ್ಕಪಕ್ಕ ಹಾಕಿದ್ರೆ ನಾಲ್ಕಡಿಗೊಮ್ಮೆ ಸಂದು ಕೂಡ್ತಾವಲ್ಲ, ಹಂಗಾ?"

ಮೇಷ್ಟ್ರು ನನ್ನನ್ನೇ ದಿಟ್ಟಿಸಿದರು. "ಮೂವತ್ತು ವರ್ಷ ಲ.ಸಾ.ಅ. ಕಲಿಸಿದೀನಿ, ಹಿಂಗೆ ಹೇಳಾಕೆ ನಂಗೆ ಹೊಳೀಲಿಲ್ಲ ನೋಡು!"

ಅಂದು ಮಧ್ಯಾಹ್ನ ಬುತ್ತಿಯ ಒಣ ರೊಟ್ಟಿಯೂ ನನಗೆ ಹಬ್ಬದೂಟದಂತೆ ರುಚಿಸಿತು.

ಊರಿಗೆ ಹೋಗಿ ಅವ್ವನಿಗೆ ಲೆಕ್ಕ ಒಪ್ಪಿಸಿದೆ. "ಲಕ್ಷ ಅಂತೀಯ, ಸಾವಿರ ಅಂತೀಯ. ನಂಗೆ ಎಲ್ಲಾ ಒಂದೇ, ಹೋಗೋ," ಎಂದಳು.

ಅಂಕಿ ತಲೆಗೆ ಹತ್ತದಿದ್ದರೆ ಬೇಡ, ಕೈಗೆ ಸಿಗುವಂತೆ ಮಾಡೋಣವೆಂದು ಭಾನುವಾರ ಹತ್ತು ಒಂದಡಿ ಟೈಲ್ಸ್‌ಗಳನ್ನು ಪಡಸಾಲೆಯಲ್ಲಿ ಸಾಲಾಗಿ ಜೋಡಿಸಿದೆ. ಕೃತಕ್ಕೆ ನಾಲ್ಕು, ತ್ರೇತಾಕ್ಕೆ ಮೂರು, ದ್ವಾಪರಕ್ಕೆ ಎರಡು, ಕಲಿಗೆ ಕೊನೆಯದೊಂದು. ಅಲ್ಲಿಗೆ ಒಂದಿಂಚಿಗೆ ಮೂವತ್ತಾರು ಸಾವಿರ ವರ್ಷ. ಕಳೆದ ಐದು ಸಾವಿರಕ್ಕೆ ಇಂಚಿನ ಏಳನೇ ಒಂದು ಪಾಲು. ದ್ವಾಪರಕ್ಕೆ ತಾಗಿದ ಕಲಿಯ ಅಂಚಿನಿಂದ ಅಷ್ಟೇ ದೂರಕ್ಕೆ ಕಟರಿನಲ್ಲಿ ಒಂದು ಗೀರು ಹಾಕಿದೆ.

ಅವ್ವನ ಕೈ ಹಿಡಿದು ಕೃತಯುಗದಿಂದ ಸವರಿಸುತ್ತ ಬಂದೆ. ಕೂತಲ್ಲೇ ಜರುಗಿ ಜರುಗಿ ಆಕೆ ತ್ರೇತಾದಲ್ಲೇ ಸುಸ್ತಾದಳು. "ಸೊಂಟ ಬಿದ್ದೋತಲ್ಲೋ! ರಾಮ ಇಷ್ಟು ದೂರದಾಗಿದ್ನಾ?"

ಕೊನೆಯ ಟೈಲ್ಸಿನ ಗೀರಿಗೆ ಆಕೆಯ ಉಗುರು ತಾಗಿಸಿದೆ. "ನಾವಿರೋದು ಇಲ್ಲಿ. ಇನ್ನುಳಿದಿದ್ದು ನೀನೇ ನೋಡ್ಕೋ."

ಅವ್ವ ಅಂಗೈ ಊರಿ ನಿಧಾನ ಸವರಿದಳು. ಆ ತುದಿ ಮುಟ್ಟಿ, ತಿರುಗಿ ಬಂದು ಗೀರು ಹುಡುಕಿ, ಮತ್ತೊಮ್ಮೆ ಸವರಿದಳು.

"ಇಷ್ಟೊಂದು ಉಳಿದೈತಾ?"

"ಐತವ್ವ."

ಗೀರಿನ ಮೇಲೆ ಬೆರಳಿಟ್ಟುಕೊಂಡೇ ನನ್ನ ಕಡೆ ತಿರುಗಿದಳು.

"ಹಂಗಾರೆ ಡಾಕ್ಟ್ರಿಗೆ ಫೋನ್ ಹಚ್ಚು. ಎಡಗಣ್ಣು ಮೊದ್ಲು ಮಾಡಾಕೆ ಹೇಳು. ಬಲಗಣ್ಣಾಗೆ ಇನ್ನೂ ಚೂರು ಕಾಣ್ತೈತೆ, ಎಡಗಣ್ಣಿನ ಕಟ್ಟು ಬಿಚ್ಚೋತನಕ ನೀವೇನು ಮಾಡ್ತೀರಂತ ನೋಡ್ತಿರಬೇಕಲ್ಲ!"