ವೈಂಡಿಂಗ್ ಮಿಸ್ತ್ರಿಯ ಗೋಡೆ

ಗಜೇಂದ್ರಗಡದಲ್ಲಿ ನಮ್ಮ ಹಿಟ್ಟಿನ ಗಿರಣಿಯ ಮೋಟಾರು ಸುಟ್ಟಾಗಲೆಲ್ಲ, ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಮಿಸ್ತ್ರಿಯ ಅಂಗಡಿಗೆ ಒಯ್ಯುತ್ತಿದ್ದೆ. "ತಡೀರಿ, ಬಿಚ್ಚಿ ನೋಡೂಣು," ಎನ್ನುತ್ತಿದ್ದರು ಅವರು. ಯಾವ ಯಂತ್ರ ಬಂದರೂ ಅದೇ ಮಾತು. ಸುಟ್ಟ ತಂತಿಯನ್ನು ತುಟಿಯಲ್ಲೇ ಎಣಿಸುತ್ತ ಬಿಚ್ಚಿ, ಮೋಟಾರಿನ ಹೆಸರನ್ನೂ ಅದಕ್ಕೆ ಎಷ್ಟು ಸುತ್ತು ತಂತಿ ಎಂಬುದನ್ನೂ ಗೋಡೆಯ ಮೇಲೆ ಬರೆದಿಡುತ್ತಿದ್ದರು. ರೋಣ, ನರಗುಂದದ ಮಿಸ್ತ್ರಿಗಳೂ ಬಂದು ಆ ಗೋಡೆ ನೋಡಿ ಬರೆದುಕೊಂಡು ಹೋಗುತ್ತಿದ್ದರು. ಇವರು ತಡೆಯುವುದಿರಲಿ, ಚಹಾ ತರಿಸುತ್ತಿದ್ದರು.

ನಮ್ಮ ಗುಡ್ಡದ ಮೇಲೆ ಆಗಷ್ಟೇ ಗಾಳಿಯಂತ್ರಗಳು ಎದ್ದಿದ್ದವು. ಒಂದು ಆಷಾಢದಲ್ಲಿ, ತಲೆಯ ಮೇಲೆ ಟೋಪಿ ನಿಲ್ಲದಷ್ಟು ಗಾಳಿ ಬೀಸುತ್ತಿದ್ದರೂ ಒಂದು ಯಂತ್ರ ಮಾತ್ರ ವಾರಗಟ್ಟಲೆ ಸುಮ್ಮನೆ ನಿಂತಿತ್ತು. ಮಿಸ್ತ್ರಿಗೆ ತಡೆಯಲಾಗಲಿಲ್ಲ. ನನ್ನನ್ನೂ ಕರೆದುಕೊಂಡು ಗುಡ್ಡ ಹತ್ತಿದರು.

ಅಲ್ಲಿದ್ದ ಇಂಜಿನಿಯರ್ ನಮ್ಮ ಕಡೆಯ ಹುಡುಗನೇ. ಒಂದು ಪೆಟ್ಟಿಗೆ ತೋರಿಸಿದ. "ಇದು ಕೆಟ್ಟೈತ್ರಿ ಚಾಚಾ. ಪರದೇಶದಿಂದ ಹೊಸಾದ ಬರಬೇಕು."

"ತಡೀರಿ, ಬಿಚ್ಚಿ ನೋಡೂಣು."

"ಬಿಚ್ಚಂಗಿಲ್ರಿ, ಸೀಲ್ ಐತಿ. ಒಳಗ ಏನೈತಿ ಅಂತ ಕಂಪನಿಯವ್ರು ನಮಗೂ ಹೇಳಿಲ್ಲ."

ಮಿಸ್ತ್ರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಪೆಟ್ಟಿಗೆಯನ್ನು ಎಲ್ಲ ಕಡೆಯಿಂದಲೂ ನೋಡಿದರು.

"ಗುಡ್ಡ ನಮ್ದು, ಗಾಳಿ ನಮ್ದು. ನಾಳೆ ಅವರು ಪೆಟಗಿ ಕೊಡಂಗಿಲ್ಲ ಅಂದ್ರ ಏನ್ ಮಾಡೂದ್ರಿ?"



ಮರುದಿನ ಅಂಗಡಿಯ ಗೋಡೆಯ ಮೇಲೆ 'ಗಾಳಿಯಂತ್ರ' ಎಂದು ಬರೆದಿತ್ತು. ಅದರ ಮುಂದೆ ಜಾಗ ಖಾಲಿ. ಮುಂದೆ ಗೋಡೆ ತುಂಬಿ, ಹೊಸ ಮೋಟಾರುಗಳ ಸುತ್ತುಗಳನ್ನು ಬಾಗಿಲ ಮೇಲೆ ಬರೆಯುವ ಹೊತ್ತು ಬಂದರೂ, ಆ ಜಾಗದಲ್ಲಿ ಅವರು ಬೇರೇನನ್ನೂ ಬರೆಯಲಿಲ್ಲ.